ಧೂಳಿನ ಕೆಮ್ಮು

ಆರೋಗ್ಯ ಸಹಾಯಕಿಯ ತರಬೇತಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದೆ. ಆಮೇಲೆ ಕೆಲಸದ ಆದೇಶ ಬಂತು. ಬಳ್ಳಾರಿ ನಗರದ ಅಂಚಿನ ಒಂದು ಆರೋಗ್ಯ ಕೇಂದ್ರ. ಮನೆಮನೆಗೆ ಹೋಗಿ ಕ್ಷಯರೋಗ ಇರುವವರನ್ನು ಹುಡುಕುವ ಕೆಲಸ. ಆ ಕಾಗದವನ್ನು ಅಪ್ಪ ನನ್ನಿಂದ ಎರಡು ಸಲ ಓದಿಸಿಕೊಂಡ. ಕ್ಷಯ ಅನ್ನುವ ಮಾತು ಬಂದಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಆದರೂ ಬೇಡ ಅನ್ನಲಿಲ್ಲ. ನಮ್ಮ ಕೇರಿಯಲ್ಲಿ ಸರ್ಕಾರದ ಇಂಥ ಕಾಗದ ಬಂದ ಮೊದಲ ಹುಡುಗಿ ನಾನು.

ನಮ್ಮೂರು ಕೆಂಚನಗುಡ್ಡ. ತುಂಗಭದ್ರೆಯ ದಂಡೆಯ ಮೇಲಿದೆ. ನದಿಯ ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಾ, ಹೊಳೆಯ ನೀರನ್ನೇ ಕುಡಿಯುತ್ತಾ ಬೆಳೆದವಳು ನಾನು. ಬಳ್ಳಾರಿಯನ್ನು ಅದುವರೆಗೆ ಎರಡು ಸಲ ನೋಡಿದ್ದೆ, ಎರಡು ಸಲವೂ ಬಸ್ ನಿಲ್ದಾಣದಿಂದ ಕಚೇರಿಗೆ, ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಓಡಿದ್ದಷ್ಟೇ. ಹಾಗಾಗಿ ನಾನು ಆ ಊರನ್ನು ಮೊದಲು ಕಂಡದ್ದು ಟ್ರಂಕು, ಹಾಸಿಗೆ ಮತ್ತು ಅರ್ಧ ಚೀಲ ಸೋನಾ ಮಸೂರಿ ಅಕ್ಕಿಯ ಜೊತೆ ಅಪ್ಪನ ಪಕ್ಕದಲ್ಲಿ ಬಸ್ಸಿನ ಕಿಟಕಿಗೆ ಕೂತ ಆ ಆಗಸ್ಟಿನ ಬೆಳಿಗ್ಗೆ ಎಂದೇ ಹೇಳಬೇಕು.

ಸಿರುಗುಪ್ಪದಿಂದ ತೆಕ್ಕಲಕೋಟೆಯವರೆಗೆ ಎರಡೂ ಬದಿಗೆ ಆಗಷ್ಟೇ ನಾಟಿ ಮಾಡಿದ ಗದ್ದೆ, ಕಾಲುವೆ ನೀರು, ಅಕ್ಕಿ ಗಿರಣಿಗಳು. ನಮ್ಮ ಬಸ್ಸು ಕುರುಗೋಡಿನ ಮೇಲೆ ಹಾದು ಹೋಗುವಂಥದ್ದು. ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗುಡ್ಡಗಳು, ಅವುಗಳ ಬುಡದಲ್ಲಿ ಮೆಣಸಿನ ಹೊಲಗಳು. ಕೊಳಗಲ್ಲು ದಾಟಿದ ಮೇಲೆ ಗಿಡಮರಗಳ ಬಣ್ಣ ಬದಲಾಯಿತು. ಬೇವಿನ ಎಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮೊದಲು ರೋಗ ಬಿದ್ದಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಅಂಗಡಿಗಳ ತಗಡು, ದನಗಳ ಬೆನ್ನು, ಗೋಡೆ ಮೇಲಿನ ದೇವರ ಚಿತ್ರ ಎಲ್ಲಕ್ಕೂ ಅದೇ ಬಣ್ಣ. ಮಳೆಗಾಲದಲ್ಲೂ ಆ ಧೂಳು ತೊಳೆದು ಹೋಗಿರಲಿಲ್ಲ.

ಬಳ್ಳಾರಿಯ ನಡುವೆ ಬೋಳು ಬಂಡೆಯ ದೊಡ್ಡ ಗುಡ್ಡ, ಅದರ ಮೇಲೆ ಕೋಟೆ. ಗುಡ್ಡದ ಬುಡಕ್ಕೆ ಹಳೆಯ ಪೇಟೆಗಳು, ಬಾಗಿಲು ಮುಚ್ಚಿ ಗೋಡೆಯ ಮೇಲೆ ಆಲದ ಸಸಿ ಎದ್ದಿದ್ದ ಹತ್ತಿ ಗಿರಣಿಗಳು. ಅದರಾಚೆ ಗಣಿ ಜೋರಾಗಿದ್ದ ಕಾಲದಲ್ಲಿ ಎದ್ದ ಬಡಾವಣೆಗಳು. ಅರಮನೆಯಂಥ ಮನೆಗಳಿಗೆ ಕಂಬ, ಕಮಾನು, ಸಿಂಹದ ಗೇಟು, ಒಳಗೆ ಮನುಷ್ಯರ ಸುಳಿವಿಲ್ಲ. ಅದಕ್ಕೂ ಆಚೆ ಜೀನ್ಸ್ ಹೊಲಿಯುವ, ತೊಳೆಯುವ ಶೆಡ್ಡುಗಳು, ಅವುಗಳ ಸುತ್ತ ಕೂಲಿಯವರ ಓಣಿಗಳು. ಕಟ್ಟಕಡೆಗೆ ಹೊಲಗಳಲ್ಲಿ ಸುಣ್ಣ ಬಳಿದ ನಿವೇಶನದ ಕಲ್ಲುಗಳು, ಯಾರೂ ವಾಸಿಸದ ನಗರಗಳ ಹೆಸರಿನ ಕಮಾನುಗಳು. ನನ್ನ ಕೆಲಸದ ಜಾಗ ಶೆಡ್ಡುಗಳ ಆ ಸುತ್ತಿನಲ್ಲಿತ್ತು.

ಅಲ್ಲಿನ ಆಶಾ ಕಾರ್ಯಕರ್ತೆ, ನಲವತ್ತು ದಾಟಿದ ಗಟ್ಟಿ ಹೆಂಗಸು, ನಮಗಾಗಿ ನಾಲ್ಕು ಮನೆ ನೋಡಿಟ್ಟಿದ್ದಳು. ಮೊದಲ ಮೂರು ಕಡೆ ಬಾಗಿಲಲ್ಲೇ ಕೇಳಿದರು: "ಯಾವ ಮಂದಿ ನೀವು?" ಅಪ್ಪ ಮುಚ್ಚಿಡಲಿಲ್ಲ. ಒಂದು ಮನೆಯ ಕೋಣೆ ಆಗಲೇ ಯಾರಿಗೋ ಮಾತಾಗಿತ್ತು, ಇನ್ನೊಂದರ ಮಗ ದುಬೈನಿಂದ ಬರುವವನಿದ್ದ, ಮೂರನೆಯವರು ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ನಾಲ್ಕನೆಯ ಮನೆಯ ಹೆಂಗಸು ಕಟ್ಟೆಯ ಮೇಲೆ ಜೀನ್ಸ್ ಪ್ಯಾಂಟುಗಳ ಗುಡ್ಡೆಯ ನಡುವೆ ಕೂತು ಕತ್ತರಿಯಿಂದ ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಐವತ್ತರ ಆಸುಪಾಸು, ಒಣಗಿದ ಮೈ. ಬೆರಳ ಸಂದುಗಳೆಲ್ಲ ನೀಲಿ.

"ನೀರು ನಾಕ್ ದಿನಕ್ಕೊಮ್ಮಿ ಬರ್ತಾವ. ತುಂಬಿಕ್ಯಾಬೇಕು. ಆಕ್ಕೈತಾ?" ಎಂದಳು. ಅಷ್ಟೇ ಕೇಳಿದ್ದು.

ಮನೆಯ ಪಕ್ಕದಲ್ಲೇ ಒಂದು ನಾಲೆ ಹರಿಯುತ್ತಿತ್ತು. ಅಪ್ಪ ಅದರ ಅಂಚಿಗೆ ನಿಂತು ನೋಡಿ ಮೂಗಿಗೆ ಟವೆಲ್ಲು ಹಿಡಿದ.

"ಏನವ್ವ ಇದು, ನೀರಾಗ ಮಸಿ ಕಲಸ್ಯಾರೇನು?"

"ಜೀನ್ಸ್ ತೊಳದ ನೀರಣ್ಣ. ಬಣ್ಣ ಅದು," ಎಂದಳು ಅವಳು ಕತ್ತರಿ ನಿಲ್ಲಿಸದೆ. "ವಾಸನಿ ಎರಡು ದಿನ ಬಡೀತೈತಿ. ಆಮ್ಯಾಲೆ ಗೊತ್ತಾಗಂಗಿಲ್ಲ."

ಟ್ರಂಕು ಇಳಿಸಿದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಲೇ ಅವ್ವಾ, ಬ್ಯಾಡ ಅನಸಿದ್ರ ಈಗ ಹೇಳಿಬಿಡು. ಮೂರರ ಬಸ್ಸಿಗಿ ವಾಪಸ್ ಹೋಗಾನ."

"ಇಲ್ಲಪ್ಪ. ಇರ್ತೀನಿ."

ಇರುವ ಮನಸ್ಸು ನನಗೂ ಇರಲಿಲ್ಲ. ಆದರೆ ಮೂರು ಬಾಗಿಲಲ್ಲಿ ನಿಂತು ಬಂದ ಅಪ್ಪನನ್ನು ಮತ್ತೆ ಟ್ರಂಕು ಹೊರಿಸಿಕೊಂಡು ಕರೆದೊಯ್ಯುವುದು ಹೇಗೆ? ಅವನು ಹೋದ ಮೇಲೆ ಕೋಣೆಯ ಕಡಪ ಕಲ್ಲಿನ ನೆಲ ಗುಡಿಸಿ ಹಾಸಿಗೆ ಬಿಚ್ಚಿದೆ.

ಮರುದಿನದಿಂದ ಕೆಲಸ. ಆಶಾ ಮುಂದೆ, ನಾನು ಹಿಂದೆ, ಕೈಯಲ್ಲಿ ಪಟ್ಟಿ ಮತ್ತು ಕಫ ಸಂಗ್ರಹಿಸುವ ಸಣ್ಣ ಡಬ್ಬಿಗಳು. ನಮಗೆ ಕೇಳಲು ಕೊಟ್ಟಿದ್ದು ನಾಲ್ಕು ಪ್ರಶ್ನೆ: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದೆಯೇ, ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಕಫದಲ್ಲಿ ರಕ್ತ ಬೀಳುತ್ತದೆಯೇ. ಮೊದಲ ಪ್ರಶ್ನೆಗೇ ಜನ ನಗುತ್ತಿದ್ದರು.

"ಈ ಊರಾಗ ಕೆಮ್ಮಲಾರದವ್ರು ಯಾರ್ ಅದಾರ ತೋರಸ್ರಿ ಸಿಸ್ಟರ್," ಎಂದ ಒಬ್ಬ ಲಾರಿ ಚಾಲಕ. "ಧೂಳಿನ ಕೆಮ್ಮಿದು. ಇದಕ್ಯಾಕ ಡಬ್ಬಿ?"

ಒಂದೊಂದು ಓಣಿಗೆ ಒಂದೊಂದು ಕೆಮ್ಮು ಇತ್ತು. ಅದಿರು ತುಂಬುತ್ತಿದ್ದವರದು ಮಣ್ಣಿನ ಕೆಮ್ಮು. ಹಳೆಯ ಗಿರಣಿಯವರದು ಹತ್ತಿ ಕೆಮ್ಮು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅವರ ಎದೆಯಲ್ಲಿ ಅದು ಇನ್ನೂ ನಡೆಯುತ್ತಿತ್ತು. ಜೀನ್ಸ್ ಉಜ್ಜುವವರದು, ತೊಳೆಯುವವರದು ಮತ್ತೊಂದು. ಕೆಮ್ಮಿನ ಸದ್ದಿನಿಂದಲೇ ಕೆಮ್ಮುವವನು ಯಾವ ಕೆಲಸದವನೆಂದು ಹೇಳಬಲ್ಲೆ ಎಂದು ಆಶಾ ಹೆಮ್ಮೆಯಿಂದ ಹೇಳುತ್ತಿದ್ದಳು. ಹತ್ತು ಜನರನ್ನು ಬೇಡಿಕೊಂಡರೆ ಒಬ್ಬರು ಡಬ್ಬಿ ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಂಡ ಕೆಲವರು ಅದರಲ್ಲಿ ಬರಿಯ ಎಂಜಲು ತುಂಬಿ ಕೊಡುತ್ತಿದ್ದರು. ಒಂದು ಮನೆಯ ಮುದುಕಿ ಅದರಲ್ಲಿ ಅರಿಶಿನ ಇಟ್ಟುಕೊಂಡಿದ್ದಳು. ನಾನು ಮನೆಗೆ ಬಂದು ಮುಖ ತೊಳೆದರೆ ಕಂದು ನೀರು, ಮೂಗು ಒರೆಸಿದರೆ ನೀಲಿ. ಎರಡು ತಿಂಗಳಲ್ಲಿ ನನಗೂ ಕೆಮ್ಮು ಶುರುವಾಯಿತು. ಧೂಳಿನದು ಅಂದುಕೊಂಡೆ. ಅದು ಧೂಳಿನದೇ ಆಗಿತ್ತು ಕೂಡ.

ನಾನು ಮನೆಯೊಡತಿಯನ್ನು ದೊಡ್ಡವ್ವ ಎಂದು ಕರೆಯಲು ಶುರುಮಾಡಿದ್ದೆ. ಅವಳ ತವರು ಕುರುಗೋಡು. ಗಂಡ ಗಿರಣಿಯಲ್ಲಿ ನೂಲುವ ಕೆಲಸದಲ್ಲಿದ್ದ. ಗಿರಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಕೂಲಿ ಮಾಡಿ ತೀರಿಕೊಂಡಿದ್ದ. ಏನಾಗಿತ್ತೆಂದು ಕೇಳಿದರೆ, "ಎದಿ ಕೆಟ್ಟಿತ್ತು," ಎಂದಿದ್ದಳು. ಮಕ್ಕಳಿಲ್ಲ. ಬೆಳಿಗ್ಗೆ ಒಂದು ಆಟೋ ಬಂದು ಹೊಲಿದ ಪ್ಯಾಂಟುಗಳ ಗಂಟನ್ನು ಕಟ್ಟೆಗೆ ಎಸೆದು ಹೋಗುತ್ತಿತ್ತು, ಸಂಜೆ ಬಂದು ಒಯ್ಯುತ್ತಿತ್ತು. ದಿನವಿಡೀ ಅವಳು ದಾರ ಕತ್ತರಿಸುತ್ತಾ, ನಡುನಡುವೆ ಕೆಮ್ಮುತ್ತಾ ಇರುತ್ತಿದ್ದಳು. ನಮ್ಮಿಬ್ಬರ ನಡುವೆ ಒಂದು ಗೋಡೆ. ಬೆಳಗಿನ ಜಾವ ಆ ಕೆಮ್ಮು ಕೇಳುತ್ತಿತ್ತು. ಎದುರು ಮನೆಯಿಂದಲೂ ಕೇಳುತ್ತಿತ್ತು, ಹಿಂದಿನ ಮನೆಯಿಂದಲೂ.

ಮೊದಮೊದಲು ಅವಳೇ ನನಗೆ ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಕೊಡುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಮಾತಾಡುವಾಗ ಸೆರಗನ್ನು ಬಾಯಿಗೆ ತಂದುಕೊಂಡು ಮುಖ ಆಚೆ ತಿರುಗಿಸುತ್ತಿದ್ದಳು. ನಾನಿದ್ದಾಗ ನಡುಮನೆಯಲ್ಲಿ ಕೂರುತ್ತಿರಲಿಲ್ಲ. ಅವಳ ಊಟದ ತಟ್ಟೆ, ಒಂದು ಲೋಟ, ಒಂದು ಚೊಂಬು ಗೋಡೆಯ ಗೂಡಿನಲ್ಲಿ ಬಟ್ಟೆ ಮುಚ್ಚಿಕೊಂಡು ಬೇರೆಯಾಗಿ ಇರುತ್ತಿದ್ದವು. ಒಂದು ದಿನ ಬಾಯಾರಿ ಬಂದವಳು ತಿಳಿಯದೆ ಆ ಲೋಟಕ್ಕೆ ಕೈ ಹಾಕಿದೆ.

"ಅದನ್ನ ಮುಟ್ಟಬ್ಯಾಡ!" ಎಂದು ಅವಳು ಕಟ್ಟೆಯಿಂದಲೇ ಕೂಗಿದಳು. ಆಮೇಲೆ ದನಿ ತಗ್ಗಿಸಿ, "ಅವು ನನ್ನವು. ನಿನಗ ಬ್ಯಾರೆ ಇಟ್ಟೀನಿ ನೋಡು," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರಿನ ಚಹಾ ಅಂಗಡಿಯಲ್ಲಿ ಅಪ್ಪನಿಗೆ ಹೊರಗಿನ ಕಂಬಕ್ಕೆ ಸಿಕ್ಕಿಸಿದ ಲೋಟದಲ್ಲಿ ಚಹಾ ಹೊಯ್ಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಇದು ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲಲ್ಲಿ ಕೇಳುವ ಬದಲು ಒಳಗೆ ಕರೆದು ದಿನಾ ನೆನಪಿಸುತ್ತಾಳೆ, ಅಷ್ಟೇ ವ್ಯತ್ಯಾಸ ಅಂದುಕೊಂಡೆ. ಅದೇ ವಾರ ಒಂದು ಸಣ್ಣ ಸ್ಟೌ, ಎರಡು ಪಾತ್ರೆ ತಂದು ನನ್ನ ಕೋಣೆಯಲ್ಲೇ ಅನ್ನ ಬೇಯಿಸಿಕೊಳ್ಳತೊಡಗಿದೆ. ಹೊಸ್ತಿಲ ಮೇಲಿನ ರೊಟ್ಟಿಯನ್ನು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನದಿಂದ ಅವಳು ಇಡುವುದನ್ನು ಬಿಟ್ಟಳು. ಯಾಕೆಂದು ಕೇಳಲಿಲ್ಲ. ಆಮೇಲೆ ನಮ್ಮ ನಡುವೆ ನೀರಿನ ಸರದಿಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ನಾನು ಆ ಸುತ್ತಿನ ಎಲ್ಲ ಮನೆಗಳಿಗೂ ಹೋಗಿ ನಾಲ್ಕು ಪ್ರಶ್ನೆ ಕೇಳಿದೆ, ನಾನಿದ್ದ ಮನೆಯೊಂದನ್ನು ಬಿಟ್ಟು. ಪಟ್ಟಿಯಲ್ಲಿ ಆ ಮನೆಯ ಎದುರು 'ಇಲ್ಲ' ಎಂದು ನಾನೇ ಬರೆದೆ.

ಡಿಸೆಂಬರಿನ ಒಂದು ಭಾನುವಾರ ನಡುಮಧ್ಯಾಹ್ನ ನೀರು ಬಂತು. ತಲೆಸ್ನಾನಕ್ಕೆಂದು ಹಿತ್ತಲಿನ ಹಂಡೆಗೆ ಒಲೆ ಹಚ್ಚಲು ಹೋದೆ. ಆ ಓಣಿಯಲ್ಲಿ ಯಾರೂ ಸ್ನಾನದ ಒಲೆಗೆ ಕಟ್ಟಿಗೆ ಉರಿಸುತ್ತಿರಲಿಲ್ಲ; ಹೊಲಿಯುವ ಶೆಡ್ಡುಗಳಲ್ಲಿ ಉಳಿದ ಜೀನ್ಸ್ ಚಿಂದಿಯನ್ನು ಚೀಲಗಟ್ಟಲೆ ತಂದಿಟ್ಟುಕೊಂಡು ಅದನ್ನೇ ಉರಿಸುತ್ತಿದ್ದರು. ಚಿಂದಿಯ ಚೀಲ ಅಂದು ಖಾಲಿ ಇತ್ತು. ದೊಡ್ಡವ್ವ ಆಟೋದವನನ್ನು ಕಾಣಲು ರಸ್ತೆಯ ತುದಿಗೆ ಹೋಗಿದ್ದಳು. ಒಲೆಯ ಹಿಂದೆ, ಗೋಡೆಗೆ ಒತ್ತಿ ಇಟ್ಟ ಒಂದು ಪ್ಲಾಸ್ಟಿಕ್ ಚೀಲ ಕಂಡಿತು. ಬಾಯಿಗೆ ಗಂಟು ಹಾಕಿತ್ತು. ಬಿಚ್ಚಿದೆ. ಒಳಗೆ ಅಂಗೈಯಗಲದ ಚಿಂದಿಗಳು, ಪ್ರತಿಯೊಂದನ್ನೂ ನಾಲ್ಕು ಮಡಿಕೆ ಮಾಡಿ ಇಡಲಾಗಿತ್ತು. ಎತ್ತಿಕೊಂಡರೆ ಬಟ್ಟೆ ಬಟ್ಟೆಯಂತಿರಲಿಲ್ಲ, ಹಪ್ಪಳದ ಹಾಗೆ ಗಟ್ಟಿ. ಒಂದನ್ನು ಬಿಡಿಸಿದೆ. ಕಡುನೀಲಿಯ ಮೇಲೆ ಕಪ್ಪು ಕಲೆ. ಬೆಳಕಿಗೆ ಹಿಡಿದೆ, ಒದ್ದೆ ಬೆರಳಿಂದ ಉಜ್ಜಿದೆ. ಬೆರಳು ಕೆಂಪಾಯಿತು.

ಒಂದೊಂದಾಗಿ ಎಲ್ಲವನ್ನೂ ಬಿಡಿಸಿ ನೋಡಿದೆ. ಆಮೇಲೆ ಕೈ ಸೋಪಿನಲ್ಲಿ ತೊಳೆದು, ಹಿತ್ತಲಿನ ಕಲ್ಲಿನ ಮೇಲೆ ಕೂತೆ. ದೊಡ್ಡವ್ವ ಬಂದಾಗ ಚಿಂದಿಗಳು ನೆಲದ ಮೇಲೆ ಹರಡಿದ್ದವು. ಅವಳು ಬಾಗಿಲಲ್ಲೇ ನಿಂತಳು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಧೂಳು..."

"ದೊಡ್ಡವ್ವಾ, ಧೂಳಿಗೆ ರಕ್ತ ಬರಂಗಿಲ್ಲ. ಎಷ್ಟು ದಿನ ಆತು ಹೇಳ್ರಿ."

ಅವಳು ಕೆಳಗೆ ಕೂತು ಚಿಂದಿಗಳನ್ನು ಆಯ್ದು ಚೀಲಕ್ಕೆ ತುಂಬತೊಡಗಿದಳು. "ಹ್ವಾದ ಬ್ಯಾಸಿಗಿಂದ ರಕ್ತ. ಕೆಮ್ಮು ಅದಕಿಂತ ಮೊದಲ."

"ನಾ ಮಾಡಾ ಕೆಲಸ ಏನು ಅಂತ ನಿಮಗ ಗೊತ್ತೈತಿ. ಗೋಡಿ ಈಚಿ ಅದೀನಿ. ಒಂದ್ ಮಾತು ಹೇಳಾಕ ಆಗಲಿಲ್ಲೇನ್ರಿ?"

"ಹೇಳಿದ್ರ ನಿನ್ ಪಟ್ಟ್ಯಾಗ ಬರೀತಿದ್ದಿ. ನನ್ ಗಂಡನ ಹೆಸರೂ ಬರದಿದ್ರು. ಅವ್ನು ಇದರಾಗೇ ಹ್ವಾದ. ಗುಳಿಗಿ ಆರಾಮ ಆತಂತ ನಡುವ ಬಿಟ್ಟ. ಆ ವರ್ಷ ಈ ಓಣ್ಯಾಗ ನನಗ ಒಂದ್ ಕೊಡ ನೀರು ಹಿಡಿಯಾಕ ಬಿಡಲಿಲ್ಲ. ಗಂಟು ಕೊಡಾದು ಬಿಟ್ರು. ಒಂದ್ ವರ್ಷ ಹೆಂಗ ಬದುಕಿದ್ನಿ ಅಂತ ನನಗ ಗೊತ್ತು."

ನನ್ನ ತಲೆಯಲ್ಲಿ ಒಂದೊಂದೇ ಸರಿದು ಜಾಗಕ್ಕೆ ಕೂರುತ್ತಿತ್ತು: ಹೊಸ್ತಿಲು, ಸೆರಗು, ಬೇರೆ ಲೋಟ.

"ತಟ್ಟಿ ಲೋಟ ಬ್ಯಾರೆ ಇಟ್ಟಿದ್ದು ಇದಕ್ಕೇನು?" ಎಂದೆ. "ನಾ ಏನು ತಿಳಕಂಡಿದ್ದೆ ಗೊತ್ತೇನು? ನಮ್ ಕೇರಿಯಾಕಿ ಅಂತ ದೂರ ಇಟ್ಟೀರಿ ಅಂತ ತಿಳಕಂಡಿದ್ದೆ."

ದೊಡ್ಡವ್ವ ಚೀಲಕ್ಕೆ ಗಂಟು ಹಾಕಿದಳು. ನನ್ನನ್ನು ನೇರ ನೋಡಿದ್ದು ಆವತ್ತೇ ಮೊದಲಿರಬೇಕು.

"ಸುಳ್ಳು ಯಾಕ ಹೇಳ್ಲಿ. ಮೊದಲನೇ ವಾರ ಅದೂ ಇತ್ತು. ನೀ ಯಾರಾಕಿ ಅಂತ ಆಶಾ ಹೇಳಿದ್ಲು. ಮನ್ಯಾಗ ಒಬ್ರು ಇದ್ರ ಸಾಕಾಗಿತ್ತು ನನಗ, ಅದಕ್ಕ ಹ್ಞೂಂ ಅಂದ್ನಿ. ಆಮ್ಯಾಲೆ ಅದು ಹೋತು. ನೀ ಮುಂಜಾನೆ ಎದ್ದು ರೊಟ್ಟಿ ತಿಂದು ಹೋಗಾಕಿ, ನನ್ ತಂಗಿ ಮಗಳಂಗ ಕಾಣತಿದ್ದಿ. ನಿನಗ ಹತ್ತಬಾರದು ಅಂತ ಇಟ್ನಿ."

ನಾನು ಅತ್ತೆ. ಯಾವುದಕ್ಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಅವಳು ಮೊದಲ ವಾರದ ಮಾತನ್ನು ಮುಚ್ಚಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಕ್ಷಯ ತಟ್ಟೆಯಿಂದ ಹರಡುವುದಿಲ್ಲ, ಉಸಿರಿನಿಂದ ಹರಡುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅವಳು ಮುಖ ತಿರುಗಿಸಿದ್ದು, ಸೆರಗು ಹಿಡಿದದ್ದು, ನಡುಮನೆ ಬಿಟ್ಟು ಗಾಳಿಯಾಡುವ ಕಟ್ಟೆಯ ಮೇಲೆ ದಿನ ಕಳೆದದ್ದು ನನ್ನನ್ನು ಕಾಯ್ದಿತು. ನನ್ನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅವಳ ಕಫದ ವರದಿ ಮೂರನೆಯ ದಿನ ಬಂತು: ಕ್ಷಯ, ಅದೂ ಮಾಮೂಲಿ ಗುಳಿಗೆಗಳಿಗೆ ಬಗ್ಗದ ಬಗೆಯದು. ವೈದ್ಯರು ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಡಗಡೆ ಏನೂ ಉಳಿದಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಅದೇ ಮನೇಲಿರೋದಲ್ವಾ?" ಎಂದರು. ಬೈಗುಳವೇನೂ ಇರಲಿಲ್ಲ ಆ ದನಿಯಲ್ಲಿ. ಹೌದು ಎಂದೆ.

ಯಾರಿಗೂ ಹೇಳಬೇಡ, ಆಟೋದವನಿಗೆ ಗೊತ್ತಾದರೆ ಗಂಟು ನಿಲ್ಲುತ್ತದೆ ಎಂದು ದೊಡ್ಡವ್ವ ನನ್ನ ಕೈ ಹಿಡಿದು ಕೇಳಿದ್ದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹೇಳಲೂ ಇಲ್ಲ. ಆದರೆ ಕಫದ ಪರೀಕ್ಷೆಯ ಅರ್ಜಿಯಲ್ಲಿ ವಿಳಾಸ ಬರೆಯುವಾಗ ಬರೀ ಓಣಿ ಮತ್ತು ಮನೆಯೊಡತಿಯ ಹೆಸರು ಬರೆದು, ನನ್ನ ಫೋನ್ ನಂಬರ್ ಹಾಕುವುದನ್ನು ಮರೆತೆ. ಒಂದು ವಾರ ಬಿಟ್ಟು, ನಾನು ಕೆಲಸದ ಮೇಲಿದ್ದಾಗ, ಹೊಸ ಔಷಧಿಯ ಬಗ್ಗೆ ವಿಚಾರಿಸಲು ಕ್ಷಯರೋಗ ಕಚೇರಿಯ ಇಬ್ಬರು ಬೈಕಿನಲ್ಲಿ ಬಂದರು. ಮನೆ ಗೊತ್ತಾಗದೆ ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರನ್ನು ಕೇಳಿದರು: "ಟಿಬಿ ಪೇಷೆಂಟ್ ಮನಿ ಯಾವುದ್ರಿ?"

ಮರುದಿನ ಆಟೋ ಬಂತು. ನಮ್ಮ ಮನೆಯ ಮುಂದೆ ಬಂದಾಗ ಸ್ವಲ್ಪವೂ ನಿಧಾನ ಮಾಡಲಿಲ್ಲ. ಮುಂದಿನ ಮನೆಯ ಕಟ್ಟೆಗೆ ಎರಡು ಗಂಟು ಎಸೆದು ಹೋಯಿತು. ದೊಡ್ಡವ್ವ ಕತ್ತರಿ ಹಿಡಿದು ಕೂತಿದ್ದವಳು ಬಹಳ ಹೊತ್ತು ಹಾಗೇ ಕೂತಿದ್ದಳು.

ಔಷಧಿ ಅವಳನ್ನು ಹಣ್ಣು ಮಾಡಿತು. ಬೆಳಿಗ್ಗೆ ಒಂದು ಹಿಡಿ ಗುಳಿಗೆ ನುಂಗಿದರೆ ಮಧ್ಯಾಹ್ನದವರೆಗೆ ವಾಂತಿ. ಮೈಯ ಬಣ್ಣ ದಿನದಿನಕ್ಕೆ ಕಪ್ಪಾಗುತ್ತ ಬಂತು. ಕಾಲು ಜೋಮು ಹಿಡಿದು ನೆಲದ ಮೇಲೆ ಹೆಜ್ಜೆ ಊರಿದ್ದು ತಿಳಿಯುತ್ತಿಲ್ಲ ಅನ್ನುತ್ತಿದ್ದಳು. ನಾನು ಗಂಜಿ ಮಾಡಿ, ಬಾಯಿಗೆ ಮಾಸ್ಕು ಕಟ್ಟಿಕೊಂಡು, ಪಕ್ಕದಲ್ಲಿ ಕೂತು ಉಣಿಸುತ್ತಿದ್ದೆ. ಕಿಟಕಿಗಳನ್ನೆಲ್ಲ ತೆರೆದಿಟ್ಟರೆ ನಾಲೆಯ ವಾಸನೆ ಒಳಗೆ ಬರುತ್ತಿತ್ತು. ಮುಚ್ಚುವ ಹಾಗಿರಲಿಲ್ಲ.

ಒಂದು ದಿನ ಗುಳಿಗೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ನೀ ಆ ಚೀಲ ಬಿಚ್ಚದೆ ಇದ್ದಿದ್ರ ನಾ ಇನ್ನೂ ಎಷ್ಟು ದಿನ ದಾರ ಕತ್ತರಸ್ತಿದ್ನಿ?"

ಪಾಠದಲ್ಲಿ ಕಲಿತದ್ದನ್ನು ಹೇಳಿದೆ: "ಗುಳಿಗಿ ತಗಂಡ್ರ ಆರಾಮ ಆಕ್ಕೈತಿ ದೊಡ್ಡವ್ವ."

"ನುಂಗ್ತೀನಿ ಬಿಡು. ನಿನ್ ಸಲುವಾಗಿ ನುಂಗ್ತೀನಿ," ಎಂದು ನುಂಗಿದಳು.

ಫೆಬ್ರವರಿಯಲ್ಲಿ ಒಂದು ಭಾನುವಾರ ನಾನು ಕುರುಗೋಡಿಗೆ ಹೋದೆ. ಅಲ್ಲಿ ಅವಳ ತಮ್ಮನಿದ್ದ. ಮೆಣಸಿನಕಾಯಿ ಒಣಗಿಸುವ ಕಣದಲ್ಲಿ ಸಿಕ್ಕಿದ. ಎಲ್ಲ ಕೇಳಿ, ತಲೆಯ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಅಕ್ಕನೇ ನನ್ನ ಎತ್ತಿ ಬೆಳಸಿದಾಕಿ. ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಆದ್ರ ಮನ್ಯಾಗ ಎರಡು ಸಣ್ಣ ಕೂಸು ಅದಾವ ಸಿಸ್ಟರ್. ಹೊಲದಾಗ ಒಂದ್ ಕೋಣಿ ಐತಿ. ಗಾಳಿ ಚಲೋ ಬರ್ತೈತಿ. ಅಲ್ಲಿ ಇಟ್ಟು ನೋಡಿಕ್ಯಂತೀನಿ."

ಅವನು ಮಾತಿಗೆ ತಪ್ಪುವವನಲ್ಲ. ಮುಂದಿನ ವಾರವೇ ಗಾಡಿ ಮಾಡಿಕೊಂಡು ಬಂದ, ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿಕೊಂಡು. ದೊಡ್ಡವ್ವ ಒಪ್ಪಲಿಲ್ಲ.

"ಹೊಲದಾಗ ಒಬ್ಬಾಕಿ ಕುಂತು ಯಾರ ಮಕ ನೋಡ್ಲಿ? ಇಲ್ಲಿ ಮಂದಿ ಮಾತಾಡಸಂಗಿಲ್ಲ ಖರೆ. ಓಡಾಡ್ತಾರ, ಜಗಳಾಡ್ತಾರ, ನನಗ ಅವ್ರ ಸಪ್ಪಳ ಬೇಕು. ನಾ ಬರಂಗಿಲ್ಲೋ ತಮ್ಮ."

ಅವನು ಕಟ್ಟೆಯ ಮೇಲೆ ಕೂತು ಅತ್ತ. ತಂದಿದ್ದ ಮೊಟ್ಟೆ, ಸೊಪ್ಪು ಇಳಿಸಿ ಖಾಲಿ ಗಾಡಿಯಲ್ಲಿ ಹೋದ. ಆಮೇಲೆ ಪ್ರತಿ ವಾರ ಬರುತ್ತಿದ್ದ.

ಮಾರ್ಚಿನಲ್ಲಿ ಬಿಸಿಲು ಏರಿತು. ಗುಡ್ಡದ ಬಂಡೆ ಮಧ್ಯಾಹ್ನದೊಳಗೆ ಕಾದು, ಊರಿಗೇ ಕಾವು ಉಗುಳುತ್ತಿತ್ತು. ಒಂದು ಸಂಜೆ ನಾನು ಅವಳ ತಲೆ ಬಾಚುತ್ತಿದ್ದಾಗ ಕೆಮ್ಮು ಬಂತು, ನಿಲ್ಲಲಿಲ್ಲ. ಈ ಸಲ ಚಿಂದಿಯಲ್ಲಿ ಹಿಡಿಯುವಷ್ಟು ರಕ್ತವಲ್ಲ ಅದು. ಬಕೆಟ್ ಹಿಡಿದೆ. ಆಂಬುಲೆನ್ಸ್ ಬಂದಾಗ ಸ್ಟ್ರೆಚರ್ ಹಿಡಿಯಲು ಚಾಲಕನಿಗೆ ಇನ್ನೊಬ್ಬರು ಬೇಕಿತ್ತು. ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರೂ ಇಳಿದು ಬರಲಿಲ್ಲ. ಒಂದು ತುದಿ ನಾನೇ ಹಿಡಿದೆ. ಅವಳು ಎಷ್ಟು ಹಗುರಾಗಿದ್ದಳೆಂದರೆ ಒಬ್ಬಳೇ ಎತ್ತಬಹುದಿತ್ತು.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಎರಡು ದಿನ ರಜೆ ಹಾಕಿ ಜೊತೆಗಿದ್ದೆ. ಮೂರನೆಯ ದಿನ ಸುಧಾರಿಸಿದಂತೆ ಕಂಡಳು, ಕಾಫಿ ಕೇಳಿ ಕುಡಿದಳು. "ಕೆಲಸಕ್ಕ ಹೋಗು. ದಿನಾ ಕುಂತ್ರ ನಿನ್ ಸಾಹೇಬ್ರು ಏನಂತಾರ," ಎಂದಳು. ಹೋದೆ. ಹತ್ತೂವರೆಗೆ ಯಾವುದೋ ಮನೆಯ ಅಂಗಳದಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳುತ್ತಿದ್ದಾಗ ಅವಳ ತಮ್ಮನ ಫೋನ್ ಬಂತು. "ಅಕ್ಕ ಹ್ವಾದ್ಲು ಸಿಸ್ಟರ್," ಎಂದ. ನಾನು ಆ ಮನೆಯವರಿಗೆ ಮತ್ತೆ ಬರುತ್ತೇನೆಂದು ಹೇಳಿ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಹೊರಟೆ. ಗುರುತು ಹಾಕಿಕೊಂಡದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಹೆಣವನ್ನು ಆಸ್ಪತ್ರೆಯಿಂದ ನೇರವಾಗಿ ಕುರುಗೋಡಿಗೆ ಒಯ್ದರು. ಬಳ್ಳಾರಿಯ ಮನೆಯ ಮುಂದೆ ಒಂದು ಗಳಿಗೆ ನಿಲ್ಲಿಸೋಣ ಎಂದೆ. ಆಶಾ ಬೇಡ ಅಂದಳು. "ನಿಲ್ಲಿಸಿದ್ರ ಯಾರಾದ್ರೂ ಬಾಗಿಲು ಹಾಕ್ಯಂತಾರ. ಅದನ್ನ ನೀ ನೋಡಬ್ಯಾಡ," ಎಂದು ನನ್ನ ಪಕ್ಕದಲ್ಲಿ ಗಾಡಿ ಹತ್ತಿದಳು. ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ತಮ್ಮನ ಹೆಂಡತಿ ಮಕ್ಕಳನ್ನು ಹಿಡಿದುಕೊಂಡು ದೂರದ ಬೇವಿನ ಮರದ ಕೆಳಗೆ ನಿಂತಿದ್ದಳು. ಅವರ ಮನೆತನದ ಒಬ್ಬ ಹಿರಿಯ, ಈ ಹುಡುಗಿ ಯಾರು, ಯಾವ ಮಂದಿ ಎಂದು ಕೇಳಿದ. ತಮ್ಮ ಅವನ ಕಡೆ ನೋಡದೆ, "ಅಕ್ಕನ್ನ ನೋಡಿಕ್ಯಂಡಾಕಿ," ಎಂದು ಹೇಳಿ ನನಗೆ ದಾರಿ ಬಿಟ್ಟ. ಕುಣಿಗೆ ಮೂರು ಹಿಡಿ ಮಣ್ಣು ಹಾಕಿದೆ. ಕಪ್ಪು ಮಣ್ಣು. ಬಳ್ಳಾರಿಯದರಂತೆ ಹಾರುವುದಲ್ಲ, ಕೈಗೆ ಅಂಟುವಂಥದ್ದು.

ದೊಡ್ಡವ್ವನ ಮನೆಯನ್ನು ಅವಳ ತಮ್ಮ ಮಳೆಗಾಲದ ಹೊತ್ತಿಗೆ ಮಾರಿದ. ಕೊಂಡವರು ಅದನ್ನು ಒಡೆದು ಹೊಲಿಗೆಯ ಶೆಡ್ಡು ಮಾಡಿದರು. ಅದಕ್ಕೂ ಮೊದಲು, ಖಾಲಿ ಮಾಡುವವರೆಗೆ, ನಾನು ಒಂದು ತಿಂಗಳು ಅಲ್ಲೇ ಒಬ್ಬಳೇ ಇದ್ದೆ. ಅಪ್ಪ ಫೋನಿನಲ್ಲಿ ದಿನಾ ಕರೆಯುತ್ತಿದ್ದ. ಹೋಗಿ ನಾಲ್ಕು ದಿನ ಹೊಳೆಯ ದಂಡೆಯಲ್ಲಿ ಕೂತು ಬಂದೆ. ಅಲ್ಲಿ ನಿದ್ದೆ ಬರಲಿಲ್ಲ. ಕೆಮ್ಮು ಕೇಳಿಸದ ಮೌನಕ್ಕೆ ಎಚ್ಚರಾಗುತ್ತಿತ್ತು.

ವಾಪಸ್ ಬಂದ ವಾರ, ಬೆಳಿಗ್ಗೆ ಕೆಲಸಕ್ಕೆ ಹೊರಟಾಗ, ಎದುರು ಮನೆಯ ಸೊಸೆ ಓಣಿಯ ತಿರುವಿನಲ್ಲಿ ನಿಂತಿದ್ದಳು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬಹುದು. ಸೊಂಟದ ಮೇಲೆ ಕೂಸಿತ್ತು. ಅಷ್ಟು ತಿಂಗಳಲ್ಲಿ ನನ್ನ ಜೊತೆ ಒಂದು ಮಾತಾಡಿದವಳಲ್ಲ. ಹಿಂದೆ ಮುಂದೆ ನೋಡಿ ಹತ್ತಿರ ಬಂದಳು.

"ಸಿಸ್ಟರ್, ನನಗೂ ಮೂರು ತಿಂಗಳಾತು. ಸಂಜಿ ಆದ್ರ ಮೈ ಬಿಸಿ ಆಕ್ಕೈತಿ. ನಮ್ಮತ್ತಿ ಧೂಳಂತಾಳ."

"ಕೂಸಿಗೆ ಹಾಲು ಕುಡಸ್ತೀ?"

"ಹ್ಞೂಂ."

ಚೀಲದಿಂದ ಡಬ್ಬಿ ತೆಗೆದು ಕೊಟ್ಟೆ. ಮುಂಜಾನೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಎದೆಯ ಆಳದಿಂದ ಕೆಮ್ಮಿ ತೆಗೆಯಬೇಕು, ಎಂಜಲು ಸಾಲದು ಎಂದು ಹೇಳಿಕೊಟ್ಟೆ. ಅವಳು ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಎಲ್ಲಿ ತಂದು ಕೊಡ್ಲಿ? ಮನಿಗಿ ಬರಬ್ಯಾಡ್ರಿ."

"ಬರಂಗಿಲ್ಲ. ಹಾಲಿನ ಡೇರಿ ಹಿಂದ ನಿಂತಿರ್ತೀನಿ, ಏಳಕ್ಕ."

ಮರುದಿನ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಅವಳು ಹಾಲಿನ ಕ್ಯಾನು ಹಿಡಿದು ಬಂದಳು. ಕ್ಯಾನಿನೊಳಗೆ, ಕಾಗದ ಸುತ್ತಿ, ಡಬ್ಬಿ ಇತ್ತು. ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ನನ್ನ ಹೆಸರು, ನನ್ನ ಫೋನ್ ನಂಬರ್ ಬರೆದೆ. ಡಬ್ಬಿಯನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಆಸ್ಪತ್ರೆಯ ಕಡೆ ಹೋಗುವ ಮೊದಲ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ಚೀಲವನ್ನು ಎದೆಗೆ ಒತ್ತಿಕೊಂಡು ನಿಂತೇ ಹೋದೆ.